ಕಡೇ ಗಾಡಿ

ಬಸರಾಳು ರಸ್ತೆ ಅರ್ಧ ಕಿತ್ತವ್ರೆ, ಅರ್ಧ ಬುಟ್ಟವ್ರೆ.
ಬುಟ್ಟಿರೋ ಅರ್ಧಕ್ಕೆ ಈ ತುದೀಲಿ ನಾನು,
ಆ ತುದೀಲಿ ಯಂಕೋಬ.
ನಡುವೆ ಮುಕ್ಕಾಲು ಮೈಲಿ, ನಾಲೆ ಏರಿಯ ತಿರುವು,
ಆಳೆತ್ತರ ಕಬ್ಬು.
ನಾನು ಅವನಿಗೆ ಕಾಣಾಕಿಲ್ಲ, ಅವನು ನನಗೆ ಕಾಣಾಕಿಲ್ಲ.

ಮೊದಲ ದಿನ ಮೇಸ್ತ್ರಿ ಎರಡು ವೈರ್‌ಲೆಸ್ಸು ಕೊಟ್ಟ.
ಒಂದು ಮಧ್ಯಾಹ್ನಕ್ಕೆ ಸತ್ತೋಯ್ತು, ಇನ್ನೊಂದು ಬರೀ ಗೊರಗೊರ.
ಆಮೇಲೆ ಹೊಂಗೆ ಕೊಂಬೆ ಕಡಿದು
ತುದಿಗೆ ಕೆಂಪು ಬಟ್ಟೆ ಸುತ್ತಿ ಹೇಳಿದ:
‘ಕಡೇ ಗಾಡಿಯವ್ನ ಕೈಗೆ ಇದನ್ನ ಕೊಡು, ಸಣ್ಣತಾಯಮ್ಮ.
ಕೋಲು ಅಲ್ಲಿಗೆ ಸೇರ್ತು ಅಂದ್ರೆ ದಾರಿ ಖಾಲಿ.
ಕೋಲು ಯಾರ ಕೈಲದೆಯೋ ಅವರೇ ಗಾಡಿ ಬುಡಬೇಕು.’
ಅಷ್ಟೇ ಕಾನೂನು.

ನನ್ನ ಬೆನ್ನ ಹಿಂದೆ ಹಳದಿ ಬೋರ್ಡು: ‘ನಿದಾನ’.
ಬುತ್ತಿ ತಂದ ಮಗಳು ಶೈಲಾ ಓದಿ ನಕ್ಕಳು:
‘ಅವ್ವ, ಹೊಟ್ಟೆ ಸೀಳೋದ ಮರ್ತವ್ನೆ ಪೇಂಟರ್ರು.’
ನಮ್ಮ ಬಾಯಲ್ಲಿ ಯಾವತ್ತು ಸೀಳಿತ್ತು, ಬುಡು ಮಗ,
ಬೋರ್ಡೂ ನಮ್ಮಂಗೇ ಮಾತಾಡ್ತದೆ.

ಮನೇಲಿ ನನ್ನ ಮಾತಿಗೆ ಕರಾನೂ ನಿಲ್ಲಾಕಿಲ್ಲ.
ಇಲ್ಲಿ ಕೈ ಎತ್ತಿದ್ರೆ
ಹತ್ತು ಚಕ್ರದ ಲಾರಿ ಉಸ್ಸಂತ ನಿಲ್ತದೆ.
ಡೈರಿ ವ್ಯಾನು ನಿಲ್ತದೆ, ಮೇಕೆ ತಬ್ಬಿಕೊಂಡ
ಸ್ಕೂಟರಿನವನು ನಿಲ್ತಾನೆ,
ಮೇಕೆ ಮಾತ್ರ ನನ್ನನ್ನೇ ದುರುಗುಟ್ಟಿ ನೋಡ್ತದೆ.
ಬಿಸಿ ಡಾಂಬರಿನ ವಾಸನೆ ಸೆರಗಿಗೆ ಹತ್ತಿ
ರಾತ್ರಿ ಮುದ್ದೆ ತಿರುವುವಾಗಲೂ ಬುಡಾಕಿಲ್ಲ.

ಕೋಲಿನ ಜೊತೆಗೆ ಮಾತೂ ಬತ್ತಿದ್ವು.
‘ಆ ಕಡೆ ನಿಂತವ ಕೇಳ್ಯಾನ:
ಯಕ್ಕಾ, ಉಂಡಿ ಏನು?’
ಅವನದು ದೇವದುರ್ಗದ ಕಡೆಯ ಮಾತು;
ಡ್ರೈವರು ಅಣಕಿಸಿ ಒಪ್ಪಿಸೋನು.
‘ಉಂಡೆ, ನೆಳ್ಳಿಗೆ ನಿಂತ್ಕೊ ಅನ್ನು’ ಅಂತ ನಾನು.
ಹಿಡಿಯ ಜಾಗದಲ್ಲಿ ತೊಗಟೆ ಸುಲಿದು
ಕೋಲು ನುಣ್ಣಗಾಯ್ತು.
ಅದರಲ್ಲಿ ಅವನ ಬೀಡಿ ವಾಸನೆ,
ನನ್ನ ಕೈಯ ಹುಣಸೆ ಹುಳಿ.

ಗುರುವಾರ ಕಡೇ ಗಾಡಿ ಒಂದು ಖಾಲಿ ಟ್ರ್ಯಾಕ್ಟರು.
ಮೀಸೆ ಮೂಡದ ಹುಡುಗ, ಹಾಡು ಜೋರು.
ಕೋಲು ಇಸ್ಕೊಂಡು ತಲೆ ಆಡಿಸ್ದ, ಹೋದ.

ಐದು ನಿಮಿಷ. ಹತ್ತು ನಿಮಿಷ.
ಆ ಕಡೆಯಿಂದ ಒಂದು ಸೈಕಲ್ಲೂ ಇಲ್ಲ.
ನನ್ನ ಹಿಂದೆ ಸಾಲು ಬೆಳೀತು, ಹಾರನ್ನು ಬೆಳೀತು.
ಬಿಳೀ ಕಾರಿನವನು ಇಳಿದು ಬಂದ:
‘ಕಣ್ಣು ಕಾಣಲ್ವಾ? ದಾರಿ ಖಾಲಿ ಇದೆ, ಬಿಡಮ್ಮ.’
ಕಾಣ್ತದೆ ಸ್ವಾಮಿ. ತಿರುವಿನವರೆಗೆ ಕಾಣ್ತದೆ.
‘ಯಾರು ನೀನು ನಿಲ್ಸಕ್ಕೆ?’
ಕೋಲಿಲ್ಲದೋಳು, ಅಂದೆ.
ಅವನಿಗೆ ಅರ್ಥ ಆಗ್ನಿಲ್ಲ.

ಆಗ ನನಗೆ ಹೊಳೀತು:
ಹುಡುಗ ನಡುವೆ ಎಲ್ಲೋ ಗದ್ದೆ ದಾರಿಗೆ ತಿರುಗವ್ನೆ.
ಆ ತುದೀಲೂ ಹಿಂಗೇ ಸಾಲು,
ಹಿಂಗೇ ಒಬ್ಬ ಬಿಳೀ ಕಾರು, ಹಿಂಗೇ ಬೈಗುಳ,
ಅವನೂ ಬುಟ್ಟಿಲ್ಲ.
ಬುಟ್ಟಿದ್ರೆ ಇಷ್ಟೊತ್ತಿಗೆ ತಿರುವಲ್ಲಿ
ಬಸ್ಸಿನ ಮೂತಿ ಕಾಣ್ಬೇಕಿತ್ತು.
ಏನೂ ಬರಲಿಲ್ಲ.
ಇಷ್ಟು ದಿನದಲ್ಲಿ ಅವನು ಕಳಿಸಿದ ಮಾತುಗಳಲ್ಲಿ
ಅದೇ ಗಟ್ಟಿಯಾಗಿ ಕೇಳಿಸ್ತು.

ಇಪ್ಪತ್ತೈದು ನಿಮಿಷಕ್ಕೆ ಮೇಸ್ತ್ರಿ ಬಂದ,
ಇಬ್ಬರಿಗೂ ಬೈದ,
ಮೊದಲು ಅವನಿಗೆ ಬೈದು ಬಂದಿದ್ದ ಅನ್ನೋದು
ದನಿ ಕಟ್ಟಿದ್ದರಲ್ಲೇ ಗೊತ್ತಾಯ್ತು.

ಮಾರನೇ ದಿನ ಶೈಲಾ ಬೆರಳು ತೋರಿಸಿದಳು:
ಏರಿ ಕೆಳಗಿನ ರಾಗಿ ಹೊಲದ ನಡುವೆ
ನಮ್ಮ ಕೋಲು ನೆಟ್ಟವ್ರೆ.
ಕೆಂಪು ಬಟ್ಟೆ ಗಾಳಿಗೆ ಪಟಪಟ ಅಂತದೆ.
ಗುಬ್ಬಿಗಳು ಯಾವೂ ನಿಂತಂಗೆ ಕಾಣೆ.

ಹೊಸ ಕೋಲು ಬಂದದೆ, ಬೇವಿನದು.
ತೊಗಟೆ ಇನ್ನೂ ಒರಟು, ಅಂಗೈ ತರಚ್ತದೆ.
ಬೆಳಗ್ಗೆ ಮೊದಲ ಸಲ ಹೋಗಿ ಬಂದಾಗ
ಹಿಡಿಯ ಜಾಗಕ್ಕೆ ಯಾರೋ
ಬನಿಯನ್ನಿನ ಚೂರು ಸುತ್ತಿದ್ರು.